ನೆಟ್ಟಗೆ ಮಾತಾಡದ ಮನೆ

ನನ್ನ ಮಾವನಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಬರುತ್ತಿರಲಿಲ್ಲ. ಯಾರೂ ಕೇಳದ ಬೇರೊಂದು ಪ್ರಶ್ನೆಗೆ ಉತ್ತರ ಬರುತ್ತಿತ್ತು. ಕೇಳಿದವರು ಒಂದು ಗಳಿಗೆ ತಬ್ಬಿಬ್ಬಾಗುತ್ತಿದ್ದರು. ಸುತ್ತ ಕೂತವರು ನಗುತ್ತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ ಕೇಳಿದವರೂ ನಗುತ್ತಿದ್ದರು. ಈಗಲೂ ಮಾವಿನಕುರ್ವೆಯ ಹಳಬರು ಎಲ್ಲಾದರೂ ಸಿಕ್ಕರೆ, ನಿಮ್ಮ ಮಾವ ಎಂಥ ತಮಾಷೆ ಮನುಷ್ಯ ಎಂದೇ ಮಾತು ಶುರುಮಾಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಸಂಜೆ ಜಗಲಿಯಲ್ಲಿ ಕೂತು ನಕ್ಕು ಎದ್ದುಹೋಗುವವರಿಗೆ ಅದು ತಮಾಷೆಯೇ. ಎದ್ದುಹೋಗಲು ಜಾಗವಿಲ್ಲದವಳು ನಾನು ಎಂಬುದನ್ನು ಅವರಿಗೆ ವಿವರಿಸುವಷ್ಟು ತಾಳ್ಮೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮಾವ ತಾಂಡೇಲರು. ಎಂದರೆ ದೋಣಿಯ ಯಜಮಾನಿಕೆ ಅವರದು. ಯಾವ ದಿನ ಹೊರಡಬೇಕು, ಯಾವ ಕಡೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂಬುದನ್ನೆಲ್ಲ ಅವರೇ ನಿಶ್ಚಯಿಸುವುದು. ಶರಾವತಿ ಸಮುದ್ರ ಸೇರುವಲ್ಲಿ ದಿನವೂ ಹತ್ತಾರು ದೋಣಿಗಳು ಹೊರಬೀಳುತ್ತವೆ. ಬಂಗಡೆಯ ಗುಂಪು ಎಲ್ಲಿ ಕಂಡಿತೆಂದು ಒಬ್ಬ ಬಾಯಿ ಬಿಟ್ಟರೆ ಮರುದಿನ ಅಲ್ಲಿ ಎಲ್ಲರ ಬಲೆ. ಆದ್ದರಿಂದ ತಾಂಡೇಲ ಎಂದರೆ ಮಾತು ತಪ್ಪಿಸಲು ಬಲ್ಲವನು ಎಂದೇ ಅರ್ಥ. ಎಲ್ಲ ತಾಂಡೇಲರೂ ಅಷ್ಟಿಷ್ಟು ಹಾಗೆಯೇ. ನಮ್ಮ ಮಾವ ಮಾತ್ರ ಕಡಲಿನ ಈ ವಿದ್ಯೆಯನ್ನು ಮನೆಯೊಳಗೂ ತಂದು ಇಟ್ಟುಕೊಂಡಿದ್ದರು.

ಒಮ್ಮೆ ಭಟ್ಕಳದಿಂದ ಮೀನಿನ ವ್ಯಾಪಾರದ ಸಾಹೇಬರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ. ಜಗಲಿಯಲ್ಲಿ ಕೂತು ಚಾ ಕುಡಿದು ಮೆಲ್ಲಗೆ ಕೇಳಿದರು.

"ತಾಂಡೇಲರೇ, ನಿನ್ನೆ ಎಲ್ಲಿ ಬಲೆ ಬಿಟ್ರಿ?"

"ನಿನ್ನೆಯಾ? ನಿನ್ನೆ ಮೊಣಕಾಲು ನೋವು ಮಾರಾಯ್ರೆ."

"ಕಾಲಲ್ಲ, ನಾನು ಬಲೆ ಕೇಳಿದ್ದು."

"ಬಲೆಗೆ ನೋವಿಲ್ಲ. ಹರಿದದ್ದು ಮಾತ್ರ."

"ಎಲ್ಲಿ ಹರೀತು?"

"ನಡುವಲ್ಲಿ."

ಸಾಹೇಬರು ಎದ್ದು ಹೊರಡುವಾಗ ಅವರಿಗೆ ಮೊಣಕಾಲಿನ ಬಗ್ಗೆ, ಅದಕ್ಕೆ ಹಚ್ಚುವ ಎಣ್ಣೆಯ ಬಗ್ಗೆ, ಆ ಎಣ್ಣೆ ಮಾಡುವ ಮುರ್ಡೇಶ್ವರದ ಮುದುಕಿಯ ಬಗ್ಗೆ ಎಲ್ಲವೂ ಗೊತ್ತಾಗಿತ್ತು. ಬಲೆ ಬಿಟ್ಟ ಜಾಗ ಗೊತ್ತಾಗಲಿಲ್ಲ. ಅಂಗಳ ದಾಟಿ ಹೋದಮೇಲೆ ಅವರಿಗೆ ಹೊಳೆಯಿತೆಂದು ಕಾಣುತ್ತದೆ, ತಿರುಗಿ ನೋಡಿ ಜೋರಾಗಿ ನಕ್ಕರು. ಇನ್ನೊಮ್ಮೆ ಜನಗಣತಿಯವರೋ ಆರೋಗ್ಯ ಇಲಾಖೆಯವರೋ ಬಂದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. "ಈಗಲಾ, ಊಟದ ಹೊತ್ತಿಗಾ?" ಎಂದರು ಮಾವ. ಪಾಪ, ಆ ಹುಡುಗ ಅದನ್ನೂ ಬರೆದುಕೊಳ್ಳಲು ಹೊರಟಿದ್ದ.

ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದಿಲ್ಲ. ಆ ಮನೆಗೆ ನಾನು ಬಂದದ್ದೇ ಒಂದು ನಗೆಯ ದೆಸೆಯಿಂದ.

ನನ್ನ ತೌರು ಮಾವಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ಮುಂದೆ ಏನಾದರೂ ಕೆಲಸಕ್ಕೆ ಸೇರಬೇಕೆಂದು ನನಗೆ ಆಸೆ, ಮದುವೆ ಮಾಡಿ ಮುಗಿಸಬೇಕೆಂದು ಅಪ್ಪನಿಗೆ. ಮಾವ ಹೆಣ್ಣು ನೋಡಲು ಬಂದರು. ಮಗನನ್ನು ಕರೆತಂದಿರಲಿಲ್ಲ. ಅಪ್ಪ ಸಹಜವಾಗಿ ಕೇಳಿದ್ದು ಎರಡೇ ಮಾತು.

"ಹುಡುಗ ಎಂತ ಮಾಡ್ತ?"

"ಅವನಾ? ನಾ ಹೇಳಿದ್ದೊಂದು ಬಿಟ್ಟು ಎಲ್ಲ ಮಾಡ್ತ."

ನಮ್ಮ ಮನೆಯ ಗಂಡಸರೆಲ್ಲ ನಕ್ಕರು. ಅಪ್ಪ ನಗುತ್ತಲೇ ಇನ್ನೊಂದು ಕೇಳಿದರು.

"ಅಲ್ಲ, ಊರಲ್ಲೇ ಇರ್ತನಾ?"

"ಊರು ಎಲ್ಲಿ ಹೋತದೆ ಮಾರಾಯ್ರೆ? ನಾ ಹುಟ್ಟಿದಾಗಿಂದ ಅಲ್ಲೇ ಇದ್ದು."

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಇಂಥ ಮಾವನಿರುವ ಮನೆಯಲ್ಲಿ ಬೇಸರವೆಂಬುದೇ ಇರಲಾರದು ಎಂದುಕೊಂಡೆ. ಹುಡುಗ ರತ್ನಾಗಿರಿಯ ಕಡೆ ಟ್ರಾಲರ್ ಬೋಟಿನಲ್ಲಿದ್ದಾನೆ, ಮಳೆಗಾಲದಲ್ಲಿ ಬೋಟು ಕಟ್ಟಿಹಾಕಿದಾಗ ಮಾತ್ರ ಮನೆಗೆ ಬರುತ್ತಾನೆ ಎಂಬುದು ಮದುವೆಯ ಚಪ್ಪರ ಬಿಚ್ಚುವಾಗ ನಮಗೆ ಗೊತ್ತಾಯಿತು. ಅಪ್ಪ ಹೋಗಿ ಮಾವನನ್ನು ಕೇಳಿದರಂತೆ, ಹೀಗೆ ಮಾಡಬಹುದಾ ಎಂದು. ಮಾವ ಏನು ಹೇಳಿದರೋ ಕಾಣೆ, ಅಪ್ಪ ತಿರುಗಿ ಬರುವಾಗ ಮುಖದಲ್ಲಿ ನಗೆಯೂ ಇತ್ತು, ಕಣ್ಣಲ್ಲಿ ನೀರೂ ಇತ್ತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಸುಳ್ಳನ್ನೂ ಹೇಳಿರಲಿಲ್ಲ.

ಗಂಡ ಒಳ್ಳೆಯವನು. ಆದರೆ ವರ್ಷದಲ್ಲಿ ಮಳೆಗಾಲಕ್ಕೆ ಸಿಗುವ ಗಂಡ. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಮಾವ, ಅತ್ತೆ, ನಾನು. ಸುತ್ತ ನೀರು. ಕುರ್ವೆ ಎಂದರೆ ಹೊಳೆಯ ನಡುವಿನ ದ್ವೀಪ, ದ್ವೀಪವೆಂದರೆ ಹೊರಗಿನವರಿಗೆ ಬಹಳ ಚೆಂದ ಕೇಳಿಸುತ್ತದೆ. ಹೊನ್ನಾವರದ ಪೇಟೆ ಕಣ್ಣೆದುರಿಗೇ ಕಾಣುತ್ತದೆ, ಬಸ್ಸಿನ ಹಾರ್ನ್ ಕೂಡ ಕೆಲವೊಮ್ಮೆ ಕೇಳುತ್ತದೆ, ಆದರೆ ದೋಣಿಯವನು ದಾಟಿಸದೆ ಹೋಗುವಂತಿಲ್ಲ. ದೋಣಿಯವನಿಗೆ ಎಲ್ಲರ ಮನೆಯ ಸುದ್ದಿಯೂ ಗೊತ್ತು. ಕೈಯಲ್ಲಿ ಚೀಲ ಹಿಡಿದ ಸೊಸೆಯಂದಿರನ್ನು ಅವನು ಮೊದಲು ಕೇಳುತ್ತಿದ್ದದ್ದು, ಮನೇಲಿ ಹೇಳಿ ಬಂದ್ಯಾ ಎಂದು.

ಹೀಗೆ ಎರಡು ಮಳೆಗಾಲ ಕಳೆಯಿತು. ಅದೇ ವರ್ಷ ಹೊನ್ನಾವರದ ಪೇಟೆಯಲ್ಲಿ ನನಗೆ ಶಾಲೆಯಲ್ಲಿ ಪಾಠ ಹೇಳಿದ್ದ ಅಕ್ಕೋರು ಸಿಕ್ಕರು. ಆಗ ಅವರು ಕುಮಟಾದಲ್ಲಿದ್ದರು. ಅಲ್ಲಿ ಬಾಲವಾಡಿ ಶಿಕ್ಷಕಿಯರ ತರಬೇತಿ ನಡೆಯುತ್ತದೆ, ದೀಪಾವಳಿ ಕಳೆದ ಮೇಲಿನ ಸೋಮವಾರ ಹೊಸ ತಂಡ ಶುರುವಾಗುತ್ತದೆ, ನಿನಗೊಂದು ಜಾಗ ಇಟ್ಟಿರುತ್ತೇನೆ ಎಂದರು. ವಾರವೆಲ್ಲ ಅಲ್ಲೇ ಇರಬೇಕು, ಶನಿವಾರ ಮನೆಗೆ ಬರಬಹುದು. ಮುಗಿಸಿದವರಿಗೆ ಕೆಲಸ ಖಂಡಿತ. ಸಂತೋಷಕ್ಕೆ ನನ್ನ ಕೈಯಲ್ಲಿದ್ದ ಚೀಲ ಜಾರಿ ಈರುಳ್ಳಿ ಬೀದಿಯಲ್ಲಿ ಉರುಳಿತು. ಹೆಕ್ಕಿ ಕೊಡುತ್ತ ಅಕ್ಕೋರು ಒಂದು ಮಾತು ಸೇರಿಸಿದರು.

"ಮನೇಲಿ ಹಿರಿಯರು ಒಪ್ಪದೆ ಮಾತ್ರ ಬರಬೇಡ. ಹೋದ ಸಲ ಒಬ್ಬಳ ಮಾವ ನಡುವಲ್ಲೇ ಬಂದು ರಂಪ ಮಾಡಿ ಕರಕೊಂಡು ಹೋದ. ಒಪ್ಪಿದ್ದಾರೆ ಅಂತ ನಾಲ್ಕು ಜನರಿಗೆ ಗೊತ್ತಿರಬೇಕು."

ನನಗೆ ಬೇಕಾದದ್ದು ಇಷ್ಟೇ. ಮಾವನ ಬಾಯಿಂದ ಒಂದು ಹೂಂ. ಮಳೆಗಾಲದಲ್ಲೇ ಗಂಡನ ಹತ್ತಿರ ಕೆಲಸದ ಆಸೆ ಹೇಳಿಕೊಂಡಿದ್ದೆ. ಅಪ್ಪ ಅಡ್ಡಿಲ್ಲ ಅಂದ್ರೆ ನಂದೇನೂ ಇಲ್ಲ ಎಂದಿದ್ದ. ಇನ್ನು ಮಾವನನ್ನು ಕೇಳುವುದೊಂದೇ ಬಾಕಿ.

ಮೊದಲ ಸಲ ಊಟ ಬಡಿಸುವಾಗ ಕೇಳಿದೆ. ಜಗಲಿಯಲ್ಲಿ ನೆರೆಮನೆಯ ಇಬ್ಬರು ಬಲೆ ಹೆಣೆಯುತ್ತ ಕೂತಿದ್ದರು.

"ಮಾವ, ಕುಮ್ಟೇಲಿ ಬಾಲವಾಡಿ ತರಬೇತಿ ಇದ್ದಂಬ್ರು. ನಾ ಸೇರ್ಲಾ?"

"ಕುಮ್ಟೆಯಾ! ಅಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಹೋಟ್ಲಲ್ಲಿ ಬನ್ಸ್ ತಿಂದಿದ್ದೆ. ಅದು ಈಗ್ಲೂ ಇದ್ದೋ ಇಲ್ವೋ ಕಾಣೆ."

"ನಾ ಬನ್ಸ್ ಕೇಳೂದಲ್ಲ ಮಾವ."

"ಇಡ್ಲಿನೂ ಅಡ್ಡಿಲ್ಲ ಅಲ್ಲಿ."

ಜಗಲಿಯಲ್ಲಿ ನಗೆ ಎದ್ದಿತು. ಮಾವ ಗಂಭೀರವಾಗಿ ಸಾರು ಸುರಿದುಕೊಂಡರು. ಅವರು ತಮ್ಮ ಮಾತಿಗೆ ತಾವು ಎಂದೂ ನಗುತ್ತಿರಲಿಲ್ಲ. ನಾನೂ ಸುಮ್ಮನೆ ನಕ್ಕಂತೆ ಮಾಡಿ ಒಳಗೆ ಬಂದೆ. ನಾಳೆ ಕೇಳೋಣ, ಇವತ್ತು ಜನರಿದ್ದರು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಕೇಳಿದಾಗ ಕುಮಟಾದ ಸಂತೆಯಲ್ಲಿ ಕಳೆದುಹೋದ ಛತ್ರಿಯ ವಿಷಯ ಬಂತು. ಅದರ ಮರುದಿನ, ಬಾಲವಾಡಿಯ ಮಕ್ಕಳಿಗೆ ಮೂಗು ಒರೆಸುವುದನ್ನು ಯಾರು ಕಲಿಸುತ್ತಾರೆ ಎಂಬ ವಿಷಯ. ಒಂದು ದಿನ ಬೆಳಿಗ್ಗೆ ಅವರು ಒಬ್ಬರೇ ಇದ್ದಾಗ ಹೋಗಿ ನಿಂತೆ. ಕೇಳುಗರಿಲ್ಲದಿದ್ದರೆ ತಮಾಷೆ ಮಾಡಲಾರರು ಎಂದು ನನ್ನ ಲೆಕ್ಕಾಚಾರ. ನಾನು ಬಾಯಿ ತೆರೆಯುವ ಮೊದಲೇ ಅವರು ಅಂಗಳದ ಕೋಳಿಯ ಹತ್ತಿರ ಮಾತಾಡತೊಡಗಿದರು. "ಎಂತಾ, ನೀನೂ ಕುಮ್ಟೆಗೆ ಹೊರಟ್ಯಾ?" ಎಂದು ಅದನ್ನೇ ಕೇಳಿದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಆದರೆ ಆ ಸಿಟ್ಟನ್ನು ಎಲ್ಲಿಗೆ ಒಯ್ಯಲಿ? ಬೈದರೆ ತಿರುಗಿ ಬೈಯಬಹುದು. ಬೇಡ ಎಂದರೆ ಯಾಕೆ ಬೇಡ ಎಂದು ಕೇಳಬಹುದು, ಅಳಬಹುದು, ಊಟ ಬಿಡಬಹುದು, ತೌರಿಗೆ ಹೇಳಿಕಳಿಸಬಹುದು. ಅವರು ಬೇಡ ಎಂದೇ ಹೇಳುತ್ತಿರಲಿಲ್ಲವಲ್ಲ. ಹಿಡಿಯಲು ಹೋದಲ್ಲಿ ಏನೂ ಇರುತ್ತಿರಲಿಲ್ಲ. ನೆರೆಮನೆಯವಳ ಹತ್ತಿರ ಹೇಳಿಕೊಂಡರೆ ಅವಳು ಕೇಳುವ ಮೊದಲೇ ನಗಲು ಬಾಯಿ ಅಗಲಿಸಿಕೊಂಡಿರುತ್ತಿದ್ದಳು.

"ನಿನ್ನದು ಪುಣ್ಯ ಮಾರಾಯ್ತಿ. ನಮ್ಮಾವ ಬಾಯಿ ಬಿಟ್ರೆ ಬೈಗಳು. ನಿನಗೆ ದಿನಾ ನಗೂಕೆ ಸಿಗ್ತದೆ."

ನನ್ನ ಕಷ್ಟವನ್ನು ಹೇಳಿ ಮುಗಿಸುವಷ್ಟರಲ್ಲಿ ಅದು ಮಾವನ ಇನ್ನೊಂದು ತಮಾಷೆಯ ಕಥೆಯಾಗಿರುತ್ತಿತ್ತು. ಮರುದಿನ ನೀರು ತರುವಲ್ಲಿ ಹೆಂಗಸರು ನನ್ನನ್ನು ಕಂಡು, ಬನ್ಸ್ ತಿಂದಾತಾ ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ನಗೆ ಕೇಳಿದರೆ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನಿಜಕ್ಕೂ ಎದೆ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಅತ್ತೆಗೆ ನನ್ನ ಸಂಕಟ ಅರ್ಥವಾಗಿತ್ತು. ಕಡಿಮೆ ಮಾತಿನ ಹೆಂಗಸು. ನೀವಾದರೂ ಒಂದು ಸಲ ಕೇಳಿ ಎಂದು ಅಂಗಲಾಚಿದೆ. ಮೀನು ಹೆರೆಯುತ್ತಿದ್ದವರು ಕತ್ತೆತ್ತದೆ ಹೇಳಿದರು.

"ಮದುವೆಯಾದ ವರ್ಷ ತೌರಿಗೆ ಹೋಗ್ಲಾ ಕೇಳಿದ್ದೆ ಮಗಾ. ಇನ್ನೂ ಉತ್ತರ ಬರ್ಲಿಲ್ಲ."

ಆಗ ನನಗೂ ನಗು ಬಂತು. ಅತ್ತೆಯೂ ನಕ್ಕರು. ನಗುತ್ತಿದ್ದ ಹಾಗೇ ನನಗೆ ಭಯ ಹುಟ್ಟಿತು. ಅತ್ತೆಯ ಕೂದಲು ಬೆಳ್ಳಗಾಗಿತ್ತು. ಅವರ ಅಪ್ಪ ಅಮ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಅವರು ಇದನ್ನು ದುಃಖವೆಂದು ಹೇಳಲಿಲ್ಲ, ಚೆನ್ನಾದ ಒಂದು ಮಾತೆಂದು ಹೇಳಿದರು. ನಾನೂ ಹೀಗೆಯೇ ಮುದುಕಿಯಾಗಿ, ಕುಮಟೆಯ ಬನ್ಸಿನ ಕಥೆಯನ್ನು ಯಾರಿಗೋ ಹೇಳಿ ನಗಿಸುತ್ತೇನೆ ಎಂದು ಕಣ್ಣಿಗೆ ಕಟ್ಟಿತು.

ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ಜಗಲಿ ತುಂಬ ಜನರಿದ್ದಾಗಲೇ ಹೊರಗೆ ಬಂದೆ. ಕೈಯಲ್ಲಿ ಸೌಟು ಹಾಗೇ ಇತ್ತು.

"ಮಾವ, ನಂಗೆ ಬೇರೆ ಎಂತದೂ ಬೇಡ. ಹೌದು ಹೇಳಿ, ಇಲ್ಲ ಹೇಳಿ. ಒಂದೇ ಮಾತು ಸಾಕು."

ಮಾವ ಪಕ್ಕದವನ ಕಡೆ ತಿರುಗಿದರು.

"ಕೇಳಿದ್ಯಾ, ಸೊಸೆ ನಂಗೆ ಪರೀಕ್ಷೆ ಇಟ್ಳು. ಸಣ್ಣಾಗಿಪ್ಪಾಗ್ಲೂ ಹೀಂಗೇ. ಮಾಸ್ತರು ಪ್ರಶ್ನೆ ಕೇಳ್ದಾಗೆಲ್ಲ ನಂಗೆ ಹೊರಗೆ ಹೋಗ್ಬೇಕಾತಿತ್ತು."

ಹಾಗೆಂದು ಎದ್ದು, ಕಿರುಬೆರಳು ಎತ್ತಿ ನನಗೇ ತೋರಿಸಿ, ಅಂಗಳ ದಾಟಿ ಹೊಳೆಯ ಕಡೆ ನಡೆದೇಬಿಟ್ಟರು. ಜಗಲಿಗೆ ಜಗಲಿಯೇ ಬಿದ್ದು ಬಿದ್ದು ನಕ್ಕಿತು. ಒಬ್ಬ ಮುದುಕನಂತೂ ಕಣ್ಣು ಒರೆಸಿಕೊಳ್ಳುತ್ತ, ಸೌಟು ಕೆಳಗಿಡೇ ತಂಗಿ, ಮಾಸ್ತರ ಬೆತ್ತದ ಹಾಂಗೆ ಕಾಣ್ತದೆ ಎಂದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆಗೆ ಎಂದುಕೊಳ್ಳಲಿ ಎಂದು ಹಸಿ ಸೌದೆ ಒಟ್ಟಿದೆ.

ದಾರಿ ಕಂಡದ್ದು ಹಬ್ಬ ಕಳೆದ ಮರುದಿನ ಬೆಳಿಗ್ಗೆ. ದೋಣಿಯ ಆಳುಗಳಿಗೆ ಗಂಜಿ ಕೊಡಲು ದಡಕ್ಕೆ ಹೋಗಿದ್ದೆ. ಅವರಲ್ಲೊಬ್ಬ ಎಂದಿನಂತೆ ಕೇಳಿದ.

"ತಾಂಡೇಲ್ರೆ, ಇವತ್ತು ಎಂತ?"

"ಎಂತಕೆ? ಗಾಳಿ ಸರಿ ಇಲ್ಲ. ಹೋಗಿ ಮಲಗ್ಕಳಿ."

ಆಳುಗಳೆಲ್ಲ ಎದ್ದು ದೋಣಿಗೆ ಹೆಗಲು ಕೊಟ್ಟರು. ದಿನವೂ ಹೀಗೆಯೇ ನಡೆಯುತ್ತಿತ್ತು. ನಾನು ನೂರು ಸಲ ನೋಡಿದ್ದೆ. ಕಡಲಿಗೆ ಇಳಿಯುವ ಮೊದಲು ಹೋಗೋಣ ಎಂದು ಬಾಯಿಬಿಟ್ಟು ಹೇಳಬಾರದು ಎಂಬುದು ನಮ್ಮವರ ನಡೆ. ಹೇಳಿದರೆ ಅಪಶಕುನ, ಬೇರೆ ದೋಣಿಯವರ ಕಿವಿಗೂ ಬೀಳುತ್ತದೆ. ಆದ್ದರಿಂದ ತಾಂಡೇಲ ಮಲಗಿ ಎಂದರೆ ಹೊರಡಿ ಎಂದೇ. ನಿಜಕ್ಕೂ ಹೋಗುವುದಿಲ್ಲವಾದರೆ ಮಾವ ಏನೂ ಹೇಳುತ್ತಿರಲಿಲ್ಲ, ಬಲೆ ಬಿಚ್ಚಿ ಒಣಗಲು ಹಾಕುತ್ತಿದ್ದರು. ಆಳುಗಳು ಎರಡನೇ ಸಲ ಕೇಳುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಮಾತ್ರ ಅಂದೇ. ಕೇಳಿ ಕೇಳಿ ಕೆಟ್ಟವಳು ನಾನೊಬ್ಬಳೇ. ಆಳುಗಳು ಮಾವ ಹೇಳಿದ್ದರಲ್ಲಿ ತಮಗೆ ಬೇಕಾದದ್ದನ್ನು ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಗಂಜಿಯ ಪಾತ್ರೆ ಕೆಳಗಿಟ್ಟೆ. ಎಲ್ಲರಿಗೂ ಕೇಳುವ ಹಾಗೆ, ಆದರೆ ಹಗುರವಾಗಿ ಹೇಳಿದೆ.

"ಮಾವ, ನಾ ಸೋಮವಾರ ಕುಮ್ಟೆಗೆ, ಅಲ್ದಾ?"

ಅವರು ಯೋಚಿಸಲೇ ಇಲ್ಲ. ಆಳುಗಳಿಗೆ ಹೇಳಿದ ಗುಂಗಿನಲ್ಲೇ ಇದ್ದರು.

"ಎಂತಕೆ? ಸೋಮವಾರ ಗಾಳಿ ಬತ್ತದೆ. ಮನೇಲಿ ಕೂತ್ಕ."

"ಆತು ಮಾವ!" ಎಂದೆ.

ಆಳುಗಳು ಹೋ ಎಂದರು. "ಸಿಕ್ತು, ಒಪ್ಪಿಗೆ ಸಿಕ್ತು," ಎಂದು ಒಬ್ಬ ಚಪ್ಪಾಳೆ ತಟ್ಟಿದ. "ಬಾಲವಾಡಿ ಅಕ್ಕೋರಿಗೆ ಜೈ," ಎಂದ ಇನ್ನೊಬ್ಬ. ಮಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಾನು ಮೊದಲ ಸಲ ಗಲಿಬಿಲಿ ಕಂಡೆ. ಏನೋ ಹೇಳಲು ಹೊರಟರು. ಆದರೆ ದೋಣಿ ಆಗಲೇ ನೀರಿಗೆ ಬಿದ್ದಿತ್ತು, ಇಳಿತ ಶುರುವಾಗಿತ್ತು, ಅವರನ್ನು ಕರೆಯುತ್ತಿದ್ದರು. ಹೋಗಿ ಹತ್ತಿದರು.

ಸಂಜೆಯೊಳಗೆ ಇಡೀ ಕುರ್ವೆಗೆ ಸುದ್ದಿಯಾಯಿತು. ನೀರು ತರುವಲ್ಲಿ ಹೆಂಗಸರು ಬನ್ಸ್ ಬಿಟ್ಟು, ಎಷ್ಟು ತಿಂಗಳ ಕಲಿಕೆ ಎಂದು ಕೇಳಿದರು. ಅಕ್ಕೋರು ಕೇಳಿದ್ದ ನಾಲ್ಕು ಜನ ನನಗೆ ಸಿಕ್ಕಿದ್ದರು. ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಮಾವ ಹೇಳಿದ್ದನ್ನು ಹಾಗೇ ಹೇಳಿದ್ದೆ, ಅಷ್ಟೇ. ಉಳಿದ ದಿನಗಳಲ್ಲಿ ಅವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರೆದುರು ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಜಗಲಿಯಲ್ಲಿ ಅವರ ಮಾತು ಕಡಿಮೆಯಾಗಿತ್ತು ಎಂದು ಅತ್ತೆ ಹೇಳಿದರು. ನಾನು ಸೀರೆಗಳನ್ನು ಒಗೆದು ಮಡಿಸುವುದರಲ್ಲಿ ಮುಳುಗಿದ್ದೆ.

ಸೋಮವಾರ ಬೆಳಿಗ್ಗೆ ಹೊನ್ನಾವರಕ್ಕೆ ಹೋಗುವ ದೋಣಿಯ ಹತ್ತಿರ ಎಂದಿಗಿಂತ ಹೆಚ್ಚು ಜನರಿದ್ದರು. ಮೀನಿನ ಬುಟ್ಟಿಯ ಹೆಂಗಸರು, ನಮ್ಮ ಆಳುಗಳು, ನನ್ನನ್ನು ಕಳಿಸಲೆಂದೇ ಬಂದ ನೆರೆಮನೆಯವಳು. ದೋಣಿಯವನು ಏನನ್ನೂ ಕೇಳದೆ ನನ್ನ ಚೀಲ ಎತ್ತಿ ಒಳಗಿಟ್ಟ. ನಾನು ಒಂದು ಕಾಲು ದೋಣಿಯೊಳಗೆ ಇಟ್ಟಿದ್ದೆ. ಆಗ ಮಾವ ಬಂದರು.

ಹೆಗಲ ಮೇಲೆ ಪಂಚೆ ಇರಲಿಲ್ಲ, ಬಾಯಲ್ಲಿ ಎಲೆಯಡಿಕೆಯ ಕವಳ ಇರಲಿಲ್ಲ. ನೀರಿನವರೆಗೆ ನಡೆದು ಬಂದು ದೋಣಿಯ ಅಂಚು ಹಿಡಿದುಕೊಂಡರು. ಎಲ್ಲರೂ ಅವರ ಬಾಯನ್ನೇ ನೋಡಿದರು. ತಾಂಡೇಲರು ಸೊಸೆಯನ್ನು ಕಳಿಸುವಾಗ ಏನು ಹೇಳುತ್ತಾರೆ ಎಂದು ಕೇಳಲೆಂದೇ ಕೆಲವರು ಬಂದಿದ್ದರು.

"ಹೋಗ್ಬೇಡ ತಂಗಿ," ಎಂದರು.

ದೋಣಿಯೊಳಗೆ, ದಡದ ಮೇಲೆ, ಎಲ್ಲ ಕಡೆ ನಗೆ ಎದ್ದಿತು. ಬುಟ್ಟಿಯ ಹೆಂಗಸೊಬ್ಬಳು, ಇದಕ್ಕಿಂತ ದೊಡ್ಡ ಆಶೀರ್ವಾದ ಯಾವ್ದು ಬೇಕೇ ಎಂದು ನನ್ನ ಬೆನ್ನು ತಟ್ಟಿದಳು. ಮಾವ ಕೈ ಎತ್ತಿ ಅವರನ್ನು ಸುಮ್ಮನಾಗಿಸಲು ನೋಡಿದರು.

"ಅಲ್ಲ ಮಾರಾಯ್ರೆ, ನಾ ಖರೇ ಹೇಳೂದು. ತಮಾಷೆ ಅಲ್ಲ."

ಇನ್ನೂ ಜೋರಾಗಿ ನಕ್ಕರು. ಅವರು ತಮಾಷೆ ಅಲ್ಲ ಎಂದದ್ದನ್ನು ಆ ದಡದಲ್ಲಿ ಹಿಂದೆಂದೂ ಯಾರೂ ಕೇಳಿರಲಿಲ್ಲ. ಅದಕ್ಕಿಂತ ಒಳ್ಳೆಯ ತಮಾಷೆ ಇನ್ನೇನು? ಆಳುಗಳು ಒಬ್ಬರ ಮೇಲೊಬ್ಬರು ಬಿದ್ದರು. ಮಾವ ಈಗ ನನ್ನನ್ನು ಮಾತ್ರ ನೋಡುತ್ತಿದ್ದರು. ದನಿ ತಗ್ಗಿಸಿ, ನನಗೆ ಕೇಳುವಷ್ಟೇ ಹೇಳಿದರು.

"ನೀ ಹೋದ್ರೆ ನಂಗೆ ಬೇಜಾರಾತದೆ. ಇವ್ರೆಲ್ಲ ನಾ ಬಾಯಿ ತೆಗೂಕಿಂತ ಮೊದ್ಲೇ ನಗ್ತರು. ನೀನೊಬ್ಳು ಸಿಟ್ಟು ಮಾಡ್ಕಂಡು ನಿಲ್ತೆ."

ಅದನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಮನೆಯ ಸೊಸೆ ಹೊರಗೆ ಹೋಗಬಾರದು, ಅತ್ತೆಗೆ ಕೈಲಾಗುವುದಿಲ್ಲ, ಜನ ಆಡಿಕೊಳ್ಳುತ್ತಾರೆ ಎಂದೆಲ್ಲ ಹೇಳಿಯಾರು ಎಂದು ಪ್ರತಿಯೊಂದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದೆ. ಸುತ್ತಲೂ ಅಷ್ಟು ಜನ ನಗುತ್ತಿರುವಾಗ, ಹೇಳಿದ ಮಾತನ್ನು ಒಬ್ಬರೂ ನಂಬದಿದ್ದಾಗ ಹೇಳಿದವರ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೌಟು ಹಿಡಿದು ಜಗಲಿಯಲ್ಲಿ ನಿಂತಿದ್ದಾಗ ನನ್ನದೂ ಹಾಗೆಯೇ ಇದ್ದಿರಬೇಕು. ಕನಿಕರ ಬಂತು. ಸುಳ್ಳೇಕೆ, ಬಹಳ ಬಂತು. ಆದರೆ ಒಂದು ಕಾಲು ದಡದಲ್ಲಿತ್ತು, ಒಂದು ದೋಣಿಯಲ್ಲಿತ್ತು. ಅವರ ಮಾತು ಖರೆ ಎಂದು ನಾನು ಒಪ್ಪಿಕೊಂಡಿದ್ದರೆ ಆ ಗಳಿಗೆಯಲ್ಲೇ ದೋಣಿಯವನು ನನ್ನ ಚೀಲವನ್ನು ತಿರುಗಿ ದಡಕ್ಕೆ ಇಡುತ್ತಿದ್ದ.

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ, ಸೆರಗು ಬಾಯಿಗೆ ಒತ್ತದೆ ನಕ್ಕೆ.

"ಮಾವನ ಮಾತು ಕೇಳಿದ್ರಾ!" ಎಂದು ಬುಟ್ಟಿಯ ಹೆಂಗಸರಿಗೆ ಹೇಳಿದೆ. "ಆತು ಮಾವ. ಬತ್ತೆ."

ಇನ್ನೊಂದು ಕಾಲನ್ನೂ ಒಳಗಿಟ್ಟು ಕೂತೆ. ಮಾವ ಅಂಚಿನಿಂದ ಕೈ ತೆಗೆದರು. ಅವರೂ ಸ್ವಲ್ಪ ನಕ್ಕರು. ತಮ್ಮ ಮಾತಿಗೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ದೋಣಿ ನಡುಹೊಳೆಗೆ ಬರುವವರೆಗೂ ಹೆಂಗಸರು ಆ ಮಾತನ್ನೇ ಆಡಿಕೊಂಡು ನಗುತ್ತಿದ್ದರು. ನಾನು ಹೊನ್ನಾವರದ ಕಡೆಗೇ ಮುಖ ಮಾಡಿ ಕೂತಿದ್ದೆ. ಹಾಗೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ ಅದೇ ದಡದಲ್ಲಿ ನಿಲ್ಲಿಸಿದರೆ ಇನ್ನೊಮ್ಮೆ ನಗುತ್ತೇನೆ.

ಕುಮಟಾದಲ್ಲಿ ಆ ವಾರ ಹೇಗೆ ಕಳೆಯಿತೋ ತಿಳಿಯಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಅದಕ್ಕೇ ಉತ್ತರ ಸಿಗುವುದು ಎಷ್ಟು ಹಿತ ಎಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಊಟ ಎಷ್ಟು ಹೊತ್ತಿಗೆ ಎಂದರೆ ಹೊತ್ತು ಹೇಳುತ್ತಿದ್ದರು. ಶನಿವಾರ ಸಂಜೆ ಕುರ್ವೆಗೆ ಬಂದಿಳಿದಾಗ ನನಗೆ ಖುಷಿಯೇ ಆಗಿತ್ತು. ಮಾವ ಬನ್ಸಿನ ವಿಷಯ ಖಂಡಿತ ಎತ್ತುತ್ತಾರೆ, ಈ ಸಲ ನಾನೂ ಬಿಡುವುದಿಲ್ಲ, ಇಡ್ಲಿಯೂ ಅಡ್ಡಿಲ್ಲ ಎಂದೇ ಹೇಳುತ್ತೇನೆ ಎಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ.

ಮಾವ ಒಳಗೆ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ಕಾಲು ತೊಳೆದು ಬಂದು ಕೇಳಿದೆ.

"ಮಾವ, ಆರಾಮಾ?"

"ಆರಾಮು."

"ಮೊಣಕಾಲು ಹ್ಯಾಂಗಿದ್ದು?"

"ಕಡಿಮೆ ಆತು."

ನಾನು ಕಾದೆ. ಇನ್ನೇನೂ ಬರಲಿಲ್ಲ. ಅವರು ಅನ್ನ ಕಲಸುತ್ತಿದ್ದರು. ಹೇಗಾದರೂ ಅವರನ್ನು ಎಳೆದು ತರಬೇಕೆಂದು, ಯಾವ ತಾಂಡೇಲನೂ ಉತ್ತರ ಕೊಡದ ಪ್ರಶ್ನೆಯನ್ನೇ ನಗುತ್ತ ಕೇಳಿದೆ.

"ಬಂಗಡೆ ದೊಡ್ಡದಿದ್ದು. ಎಲ್ಲಿ ಬಲೆ ಬಿಟ್ರಿ ಮಾವ?"

"ಇಲ್ಲೇ ಕಾಸರಕೋಡಿನ ಎದುರಿಗೆ. ಬಂಡೆ ದಾಟಿ, ತೆಂಕಕ್ಕೆ," ಎಂದರು.

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆ ಪ್ರಶ್ನೆಗೆ ಉತ್ತರ ಕೇಳಿದ್ದು ಅದೇ ಮೊದಲು. ನನ್ನ ಮುಖ ನೋಡಿದರು. ಮಾವ ನನ್ನ ಕಡೆ ನೋಡಲಿಲ್ಲ. ಅವರಲ್ಲಿ ಸಿಟ್ಟಿರಲಿಲ್ಲ, ದನಿಯಲ್ಲಿ ಚುಚ್ಚೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಊಟ ಮುಗಿಸಿದರು. ಅಂದಿನಿಂದ ಕೊನೆಯವರೆಗೂ ನನಗೆ ಅವರು ಕೊಟ್ಟದ್ದು ನೆಟ್ಟಗಿನ ಉತ್ತರಗಳನ್ನೇ. ನಾನು ಬೇಡಿಕೊಂಡದ್ದೂ ಅದನ್ನೇ.

ಕೈ ತೊಳೆದು ಅವರು ಜಗಲಿಗೆ ಹೋದರು. ಅಲ್ಲಿ ಆಗಲೇ ನಾಲ್ಕೈದು ಜನ ಬಂದು ಕೂತಿದ್ದರು. ಒಬ್ಬ ಏನೋ ಕೇಳಿದ. ಮಾವ ಏನೋ ಹೇಳಿದರು. ಎಲ್ಲರೂ ನಕ್ಕರು. ನಾನು ಅಡುಗೆಮನೆಯಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಎಂತ ಹೇಳಿದರೆಂದು ನನಗೆ ಕೇಳಲಿಲ್ಲ.